ಬೇರೆ ಒಲೆ ಹೂಡಿದ ದೇಶಗಳು: ವಿಶ್ವಬ್ಯಾಂಕ್ ಇರುವಾಗ ಇನ್ನೊಂದು ಬ್ಯಾಂಕ್ ಯಾಕೆ?

ಪ್ರಶ್ನೆ: ಬೆಂಗಳೂರು ಮೆಟ್ರೊದ ಗುಲಾಬಿ ಮಾರ್ಗಕ್ಕೆ ಬೀಜಿಂಗ್‌ನ ಒಂದು ಬ್ಯಾಂಕ್ ಸಾಲ ಕೊಟ್ಟಿದೆ ಅಂತ ಓದಿದೆ. ಗಡಿಯಲ್ಲಿ ಜಗಳ, ಇಲ್ಲಿ ಸಾಲ! ವಿಶ್ವಬ್ಯಾಂಕ್, ಐಎಂಎಫ್ (ಕಷ್ಟಕ್ಕೆ ಸಿಕ್ಕ ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ) ಇರುವಾಗ ಚೀನಾ ಬೇರೆ ಬ್ಯಾಂಕ್ ಕಟ್ಟಿದ್ದಾದರೂ ಯಾಕೆ? ಅಸಮಾಧಾನ ಇರುವ ದೇಶಗಳು ಹಳೆಯ ಸಂಸ್ಥೆಗಳನ್ನು ನಿಜವಾಗಿ ಅಲುಗಾಡಿಸಬಲ್ಲವಾ, ಇಲ್ಲಾ ಇದೆಲ್ಲ ಸುಮ್ನೆ ಗದ್ದಲವಾ? ಎದ್ದು ಹೊರಗೆ ಹೋಗುವುದು ಒಳ್ಳೆಯದಾ, ಒಳಗಿದ್ದೇ ಹೊಡೆದಾಡುವುದಾ?

ಉತ್ತರ: ನೀವು ಓದಿದ್ದು ನಿಜ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗಕ್ಕೆ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕ್, ಅಂದರೆ ಎಐಐಬಿ, 33.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಅದು 2017ರ ಡಿಸೆಂಬರ್. ಡೋಕ್ಲಾಮ್‌ನಲ್ಲಿ ಎರಡು ದೇಶಗಳ ಸೈನಿಕರು ಎದುರುಬದುರು ನಿಂತು ಹಿಂದೆ ಸರಿದು ಇನ್ನೂ ನಾಲ್ಕು ತಿಂಗಳೂ ಆಗಿರಲಿಲ್ಲ. ಇದೇ ಮಾರ್ಗಕ್ಕೆ ಯುರೋಪಿನ ಹೂಡಿಕೆ ಬ್ಯಾಂಕ್ 50 ಕೋಟಿ ಯೂರೊ ಕೊಡಲು ಒಪ್ಪಿತ್ತು. ಹಾಗಾಗಿ ಇದನ್ನು ಬರೀ 'ಚೀನಾ ಸಾಲ' ಅನ್ನುವುದು ಸರಿಯಲ್ಲ.

ಇದಕ್ಕಿಂತ ಆಶ್ಚರ್ಯದ ಇನ್ನೊಂದು ದಿನಾಂಕ ಇದೆ. 2020ರ ಜೂನ್ 15ರ ರಾತ್ರಿ ಗಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಪ್ರಾಣ ಕಳೆದುಕೊಂಡರು. ಎರಡು ದಿನ ಬಿಟ್ಟು, ಜೂನ್ 17ಕ್ಕೆ, ಅದೇ ಎಐಐಬಿ ಭಾರತಕ್ಕೆ ಕೋವಿಡ್ ನೆರವಿಗಾಗಿ 75 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಮೊದಲೇ ತಯಾರಾಗಿದ್ದ ಕಡತ ಇರಬೇಕು, ನಿಜ. ಆದರೆ ಯಾರೂ ಅದನ್ನು ತಡೆಯಲಿಲ್ಲ ಅನ್ನುವುದೂ ನಿಜ.

ಈಗ ಹಳೆಯ ಬ್ಯಾಂಕಿನ ಒಂದು ಕಥೆ ಕೇಳಿ. ಮನಿಲಾದಲ್ಲಿರುವ ಏಷ್ಯಾ ಅಭಿವೃದ್ಧಿ ಬ್ಯಾಂಕ್, ಎಡಿಬಿ, 1966ರಲ್ಲಿ ಶುರುವಾಯಿತು. ಅದರಲ್ಲಿ ಜಪಾನ್ ಮತ್ತು ಅಮೆರಿಕದ ಪಾಲೇ ದೊಡ್ಡದು. ಅಧ್ಯಕ್ಷರಾಗಿ ಇಲ್ಲಿವರೆಗೆ ಕೂತವರೆಲ್ಲ ಜಪಾನಿನವರೇ. 2009ರಲ್ಲಿ ಭಾರತಕ್ಕೆ ಕೊಡುವ ಸಾಲದ ಯೋಜನೆಯೊಂದು ಅಲ್ಲಿ ಚರ್ಚೆಗೆ ಬಂತು. ಅದರಲ್ಲಿ ಅರುಣಾಚಲದ ಒಂದು ಸಣ್ಣ ಕಾಮಗಾರಿಯೂ ಸೇರಿತ್ತು. ಅರುಣಾಚಲ ತನ್ನದು ಅಂತ ಹೇಳಿಕೊಳ್ಳುವ ಚೀನಾ ಇಡೀ ಯೋಜನೆಗೇ ಅಡ್ಡಿ ಮಾಡಿತು. ಅಂದರೆ ತನ್ನದಲ್ಲದ ಬ್ಯಾಂಕಿನಲ್ಲಿ ಚೀನಾ ರಂಪ ಮಾಡಿತು, ತಾನೇ ಕಟ್ಟಿದ ಬ್ಯಾಂಕಿನಲ್ಲಿ ಭಾರತವೇ ಅತಿ ದೊಡ್ಡ ಸಾಲಗಾರ. ಯಾಕೆ ಹೀಗೆ? ಅದಕ್ಕೆ ಮೊದಲು ಚೀನಾಗೆ ಆಗಿದ್ದ ನೋವು ಏನು ಅಂತ ನೋಡಬೇಕು.

ನಮ್ಮ ಹಳ್ಳಿಯ ಸಹಕಾರ ಸಂಘದಲ್ಲಿ ಎಷ್ಟು ಷೇರು ಇಟ್ಟುಕೊಂಡಿದ್ದರೂ ಒಬ್ಬರಿಗೆ ಒಂದೇ ವೋಟು. ಐಎಂಎಫ್‌ನಲ್ಲಿ ಹಾಗಲ್ಲ. ಹಾಕಿದ ದುಡ್ಡಿಗೆ ತಕ್ಕಂತೆ ವೋಟು. ಯಾರು ಎಷ್ಟು ದುಡ್ಡು ಹಾಕಬೇಕು ಅನ್ನುವ ಪಾಲಿಗೆ ಕೋಟಾ ಅನ್ನುತ್ತಾರೆ. ಜಾಸ್ತಿ ಹಾಕುತ್ತೇನೆ ಅಂದರೂ ಸುಮ್ನೆ ಹಾಕಲು ಬಿಡುವುದಿಲ್ಲ, ಉಳಿದವರು ಒಪ್ಪಬೇಕು. ಕೋಟಾ ಬದಲಿಸಲು, ನಿಯಮ ತಿದ್ದಲು ಶೇ 85ರಷ್ಟು ವೋಟು ಬೇಕು. ಅಮೆರಿಕ ಒಂದರ ಕೈಯಲ್ಲೇ ಶೇ 16ಕ್ಕಿಂತ ಜಾಸ್ತಿ ಇದೆ. ಲೆಕ್ಕ ಹಾಕಿ ನೋಡಿ. ಉಳಿದ ಇಡೀ ಜಗತ್ತು ಒಂದಾದರೂ ಅಮೆರಿಕ 'ಬೇಡ' ಅಂದರೆ ಬೇಡ.

ಪಾಲಿನ ಈ ಜಗಳ ಸಂಸ್ಥೆ ಹುಟ್ಟುವಾಗಲೇ ಹುಟ್ಟಿತ್ತು. 1944ರ ಜುಲೈನಲ್ಲಿ ಅಮೆರಿಕದ ಬ್ರೆಟನ್ ವುಡ್ಸ್ ಅನ್ನುವ ಊರಿನ ಹೋಟೆಲ್ಲಿನಲ್ಲಿ 44 ದೇಶಗಳು ಸೇರಿದ್ದವು. ಭಾರತಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ, ಆದರೂ ಅಲ್ಲಿತ್ತು. ತಂಡದ ಮುಖ್ಯಸ್ಥ ಬ್ರಿಟಿಷ್ ಅಧಿಕಾರಿ ಜೆರೆಮಿ ರೈಸ್‌ಮನ್. ಜೊತೆಗೆ ಸಿ.ಡಿ. ದೇಶಮುಖ್, ಷಣ್ಮುಖಂ ಚೆಟ್ಟಿ. ಇವರು ಹಿಡಿದ ಹಟ ಏನು ಗೊತ್ತಾ? ಭಾರತದ ಪಾಲು ಚೀನಾದ ಪಾಲಿಗಿಂತ ಕಡಿಮೆ ಇರಬಾರದು! ಕೊನೆಗೆ ಚೀನಾಗೆ 55 ಕೋಟಿ ಡಾಲರ್, ಭಾರತಕ್ಕೆ 40 ಕೋಟಿ ಡಾಲರ್ ಕೋಟಾ ಸಿಕ್ಕಿತು. ಯುದ್ಧದಲ್ಲಿ ಜೊತೆಗಿದ್ದ ಚೀನಾವನ್ನು ದೊಡ್ಡವರ ಸಾಲಿನಲ್ಲಿ ಕೂರಿಸಬೇಕು ಅನ್ನುವುದು ಆಗ ಅಮೆರಿಕದ ಆಸೆಯಾಗಿತ್ತು. ಇತಿಹಾಸ ಎಷ್ಟು ತಮಾಷೆ ಮಾಡುತ್ತದೆ, ಅಲ್ವಾ?

2010ಕ್ಕೆ ಬನ್ನಿ. ಆ ವರ್ಷ ಚೀನಾದ ಅರ್ಥವ್ಯವಸ್ಥೆ ಜಪಾನನ್ನು ಹಿಂದೆ ಹಾಕಿ ಜಗತ್ತಿನಲ್ಲಿ ಎರಡನೆಯದಾಯಿತು. ಐಎಂಎಫ್‌ನಲ್ಲಿ ಅದರ ವೋಟು ಮಾತ್ರ ಶೇ 3.8ರ ಹತ್ತಿರ. ಬ್ರಿಟನ್‌ಗೂ ಫ್ರಾನ್ಸ್‌ಗೂ ಅದಕ್ಕಿಂತ ಜಾಸ್ತಿ ಇತ್ತು. 2008ರ ಹಣಕಾಸು ಬಿಕ್ಕಟ್ಟಿನಲ್ಲಿ ಪಶ್ಚಿಮದ ದೇಶಗಳಿಗೆ ದುಡ್ಡಿರುವ ಜೊತೆಗಾರರು ಬೇಕಾಗಿದ್ದರು. ಅದಕ್ಕೇ 2010ರ ಕೊನೆಯಲ್ಲಿ ಒಂದು ಒಪ್ಪಂದಕ್ಕೆ ಬಂದರು. ಚೀನಾ, ಭಾರತ, ಬ್ರೆಜಿಲ್‌ಗಳ ಪಾಲು ಏರಿಸುವುದು, ಯುರೋಪಿನದು ಸ್ವಲ್ಪ ಇಳಿಸುವುದು. ಚೀನಾಗೆ ಶೇ 6 ಚಿಲ್ಲರೆ. ಹೇಳಿಕೊಳ್ಳುವಂಥ ಕ್ರಾಂತಿ ಏನಲ್ಲ.

ಅಷ್ಟಕ್ಕೂ ಅಮೆರಿಕದ ಕಾಂಗ್ರೆಸ್ ಐದು ವರ್ಷ ಒಪ್ಪಿಗೆ ಕೊಡಲಿಲ್ಲ. ಒಬಾಮ ಸರ್ಕಾರ ಸಹಿ ಹಾಕಿತ್ತು, ಸಂಸತ್ತು ಕಡತದ ಮೇಲೆ ಕೂತಿತ್ತು. ಈ ಮಧ್ಯೆ ಕುರ್ಚಿಗಳ ವಿಷಯವೂ ಬಂತು. ಐಎಂಎಫ್‌ಗೆ ಯುರೋಪಿನವರು, ವಿಶ್ವಬ್ಯಾಂಕ್‌ಗೆ ಅಮೆರಿಕದವರು ಅನ್ನುವುದು ಎಲ್ಲೂ ಬರೆಯದ ಒಪ್ಪಂದ. 2011ರಲ್ಲಿ ಮೆಕ್ಸಿಕೊದ ಅಗಸ್ಟಿನ್ ಕಾರ್ಸ್ಟೆನ್ಸ್ ಸ್ಪರ್ಧಿಸಿದರು, ಗೆದ್ದಿದ್ದು ಫ್ರಾನ್ಸಿನ ಕ್ರಿಸ್ಟೀನ್ ಲಗಾರ್ಡ್. 2012ರಲ್ಲಿ ನೈಜೀರಿಯಾದ ಎನ್‌ಗೋಜಿ ಒಕೊಂಜೊ-ಇವೆಲಾ ಸ್ಪರ್ಧಿಸಿದರು, ಕುರ್ಚಿ ಸಿಕ್ಕಿದ್ದು ಅಮೆರಿಕದ ಜಿಮ್ ಯಾಂಗ್ ಕಿಮ್‌ಗೆ. ಪುಣೆಯಲ್ಲಿ ಹುಟ್ಟಿದ ಅಜಯ್ ಬಂಗಾ 2023ರಲ್ಲಿ ವಿಶ್ವಬ್ಯಾಂಕ್ ಅಧ್ಯಕ್ಷರಾದಾಗ ನಮ್ಮಲ್ಲಿ ತುಂಬಾ ಖುಷಿಪಟ್ಟರು. ಅವರು ಅಮೆರಿಕದ ಪ್ರಜೆ ಆಗಿದ್ದಕ್ಕೇ ಆ ಕುರ್ಚಿ ಸಿಕ್ಕಿದ್ದು ಅನ್ನುವುದನ್ನು ಮರೆತೆವು.

ಕೂಡು ಕುಟುಂಬ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಚಿಕ್ಕ ಮಗ ದುಡಿದು ಮೇಲೆ ಬಂದಿದ್ದಾನೆ. ಉಗ್ರಾಣದ ಬೀಗದ ಕೈ ಮಾತ್ರ ದೊಡ್ಡಣ್ಣನ ಸೊಂಟದಲ್ಲೇ ಇದೆ. ಕೇಳಿದರೆ 'ನೋಡೋಣ' ಅನ್ನುತ್ತಾನೆ. ಆಗ ಚಿಕ್ಕವನು ಮನೆ ಒಡೆಯುವುದಿಲ್ಲ. ಹಿತ್ತಲಲ್ಲಿ ಬೇರೆ ಒಲೆ ಹೂಡುತ್ತಾನೆ. ಹಬ್ಬಕ್ಕೆ ದೊಡ್ಡ ಮನೆಯ ಪಂಕ್ತಿಯಲ್ಲೂ ಕೂರುತ್ತಾನೆ.

ಚೀನಾ ಮಾಡಿದ್ದು ಹೆಚ್ಚುಕಡಿಮೆ ಇದೇ. 2013ರ ಅಕ್ಟೋಬರ್‌ನಲ್ಲಿ ಷಿ ಜಿನ್‌ಪಿಂಗ್ ಇಂಡೊನೇಷ್ಯಾಕ್ಕೆ ಹೋದಾಗ ಹೊಸ ಬ್ಯಾಂಕಿನ ಮಾತು ತೆಗೆದರು. ಆಗ ಚೀನಾದ ಹತ್ತಿರ 4 ಲಕ್ಷ ಕೋಟಿ ಡಾಲರ್ ಸಮೀಪದ ವಿದೇಶಿ ವಿನಿಮಯ ಸಂಗ್ರಹ ಇತ್ತು. ಏಷ್ಯಾದಲ್ಲಿ ರಸ್ತೆ, ರೈಲು, ವಿದ್ಯುತ್ತಿಗೆ ಹತ್ತು ವರ್ಷದಲ್ಲಿ 8 ಲಕ್ಷ ಕೋಟಿ ಡಾಲರ್ ಬೇಕು ಅಂತ ಎಡಿಬಿಯೇ ಹಿಂದೆ ಅಂದಾಜು ಮಾಡಿತ್ತು. ಹಳೆಯ ಬ್ಯಾಂಕುಗಳು ಅದರ ಸಣ್ಣ ಚೂರನ್ನೂ ತುಂಬಿಸುವ ಹಾಗಿರಲಿಲ್ಲ. ಹಸಿವು ಇತ್ತು, ಅಕ್ಕಿಯೂ ಇತ್ತು. 2014ರ ಅಕ್ಟೋಬರ್ 24ರಂದು ಬೀಜಿಂಗ್‌ನಲ್ಲಿ 21 ದೇಶಗಳು ಒಡಂಬಡಿಕೆಗೆ ಸಹಿ ಹಾಕಿದವು. ಭಾರತವೂ ಹಾಕಿತು.

ಆಮೇಲಿನದು ಅಮೆರಿಕದ ರಾಜತಂತ್ರದಲ್ಲಿ ಒಂದು ದೊಡ್ಡ ಎಡವಟ್ಟು. 'ಇದರ ಗುಣಮಟ್ಟ ಹೇಗಿರುತ್ತದೋ, ಸೇರಬೇಡಿ' ಅಂತ ಒಳಗೊಳಗೇ ಗೆಳೆಯ ದೇಶಗಳಿಗೆ ಹೇಳುತ್ತಾ ಬಂತು. 2015ರ ಮಾರ್ಚ್ 12ರಂದು ಬ್ರಿಟನ್ ತಾನು ಸೇರುತ್ತೇನೆ ಅಂತ ಘೋಷಿಸಿತು. ವಾಷಿಂಗ್ಟನ್‌ಗೆ ಮೈ ಉರಿಯಿತು. ಒಂದು ವಾರವೂ ಕಳೆಯಲಿಲ್ಲ, ಜರ್ಮನಿ, ಫ್ರಾನ್ಸ್, ಇಟಲಿ ಸಾಲಿಗೆ ನಿಂತವು. ತಿಂಗಳ ಕೊನೆಯೊಳಗೆ ಅರ್ಜಿ ಹಾಕಿದವರಿಗಷ್ಟೇ ಸ್ಥಾಪಕ ಸದಸ್ಯರ ಸ್ಥಾನ ಅನ್ನುವ ಗಡುವು ಇತ್ತು. ಕೊನೆಗೆ ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ ಸೇರಿ 57 ಸ್ಥಾಪಕ ಸದಸ್ಯರು. ಹೊರಗೆ ಉಳಿದ ದೊಡ್ಡವರು ಅಮೆರಿಕ ಮತ್ತು ಜಪಾನ್, ಇವತ್ತಿಗೂ. ಬ್ಯಾಂಕ್ 2016ರ ಜನವರಿ 16ರಂದು ಬಾಗಿಲು ತೆರೆಯಿತು. ಅದಕ್ಕೆ ಒಂದು ತಿಂಗಳು ಮೊದಲು, 2015ರ ಡಿಸೆಂಬರ್‌ನಲ್ಲಿ, ಐದು ವರ್ಷ ಮಲಗಿದ್ದ ಐಎಂಎಫ್ ಕಡತಕ್ಕೆ ಅಮೆರಿಕದ ಕಾಂಗ್ರೆಸ್ ಒಪ್ಪಿಗೆ ಕೊಟ್ಟಿತು. ಒಂದರಿಂದಲೇ ಇನ್ನೊಂದು ಆಯಿತು ಅಂತ ನಾನು ಆಣೆ ಮಾಡಲಾರೆ. ಆದರೆ ಹಿತ್ತಲಲ್ಲಿ ಹೊಗೆ ಎದ್ದ ಮೇಲೆ ಬೀಗದ ಕೈ ಸ್ವಲ್ಪ ಸಡಿಲವಾಗಿದ್ದು ಎಲ್ಲರಿಗೂ ಕಂಡಿತು.

ಇನ್ನು ಹೊಸ ಒಲೆಯ ಮೇಲೆ ಏನು ಬೆಂದಿತು ಅಂತ ನೋಡೋಣ. ಹಳೆಯ ಅಡುಗೆಯೇ! ಮೊದಲ ಅಧ್ಯಕ್ಷ ಜಿನ್ ಲಿಚುನ್ ಹಿಂದೆ ಎಡಿಬಿಯ ಉಪಾಧ್ಯಕ್ಷರಾಗಿದ್ದವರು. 2016ರ ಜೂನ್‌ನಲ್ಲಿ ಮಂಜೂರಾದ ಮೊದಲ ನಾಲ್ಕು ಸಾಲಗಳಲ್ಲಿ ಮೂರು, ವಿಶ್ವಬ್ಯಾಂಕ್, ಎಡಿಬಿಯಂಥ ಹಳಬರ ಜೊತೆ ಸೇರಿ ಕೊಟ್ಟವು. ಸಾಲ ಯುವಾನ್‌ನಲ್ಲಲ್ಲ, ಡಾಲರ್‌ನಲ್ಲಿ. ಚೀನಾಗೆ ಶೇ 26ರಷ್ಟು ವೋಟು ಇದೆ, ದೊಡ್ಡ ತೀರ್ಮಾನಗಳಿಗೆ ಶೇ 75 ಬೇಕು. ಅಂದರೆ ಅಮೆರಿಕದ ಕೈಯಲ್ಲಿರುವ ಅದೇ ವೀಟೊವನ್ನು ಚೀನಾ ತನ್ನ ಬ್ಯಾಂಕಿನಲ್ಲಿ ತನಗೆ ಕೊಟ್ಟುಕೊಂಡಿದೆ. ವೋಟಿನ ಲೆಕ್ಕದಲ್ಲಿ ಎರಡನೆಯ ಸ್ಥಾನ ಭಾರತದ್ದು, ಶೇ 7ರ ಮೇಲೆ. ನಮ್ಮ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಊರ್ಜಿತ್ ಪಟೇಲ್ 2022ರಲ್ಲಿ ಅಲ್ಲಿ ಉಪಾಧ್ಯಕ್ಷರಾದರು.

ಅದೇ ವರ್ಷ ಬಂದ ಪರೀಕ್ಷೆ ನನಗೆ ಎಲ್ಲಕ್ಕಿಂತ ಕುತೂಹಲದ್ದು. 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. 'ಎಲ್ಲೆ ಇಲ್ಲದ ಗೆಳೆತನ' ಅಂತ ಬೀಜಿಂಗ್ ಮತ್ತು ಮಾಸ್ಕೊ ಹೇಳಿಕೊಂಡು ಮೂರು ವಾರವೂ ಆಗಿರಲಿಲ್ಲ. ಮಾರ್ಚ್ 3ರಂದು ಎಐಐಬಿ ರಷ್ಯಾ ಮತ್ತು ಬೆಲಾರೂಸ್‌ನ ಎಲ್ಲ ಕೆಲಸಗಳನ್ನು ನಿಲ್ಲಿಸಿತು. ರಷ್ಯಾ ಅಲ್ಲಿ ಮೂರನೆಯ ದೊಡ್ಡ ಪಾಲುದಾರ. ಬ್ರಿಕ್ಸ್ ದೇಶಗಳು (ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ) ಶಾಂಘೈನಲ್ಲಿ ಕಟ್ಟಿದ ಹೊಸ ಅಭಿವೃದ್ಧಿ ಬ್ಯಾಂಕೂ ರಷ್ಯಾದಲ್ಲಿ ಹೊಸ ವ್ಯವಹಾರ ನಿಲ್ಲಿಸಿತು. ರಷ್ಯಾ ಆ ಬ್ಯಾಂಕಿನ ಐದು ಸ್ಥಾಪಕ ದೇಶಗಳಲ್ಲಿ ಒಂದು!

ಯಾಕೆ ಅಂದರೆ, ಇಂಥ ಬ್ಯಾಂಕುಗಳು ಸಾಲ ಕೊಡುವುದು ಮುಖ್ಯವಾಗಿ ಮಾಲೀಕರ ದುಡ್ಡಿನಿಂದ ಅಲ್ಲ. ಮಾರುಕಟ್ಟೆಯಲ್ಲಿ ಬಾಂಡ್, ಅಂದರೆ ಸಾಲಪತ್ರ, ಮಾರಿ ಕಡಿಮೆ ಬಡ್ಡಿಗೆ ಡಾಲರ್ ಎತ್ತುತ್ತವೆ, ಅದನ್ನು ಸ್ವಲ್ಪ ಜಾಸ್ತಿ ಬಡ್ಡಿಗೆ ಸಾಲ ಕೊಡುತ್ತವೆ. ಬಾಂಡ್‌ಗೆ ಕಡಿಮೆ ಬಡ್ಡಿ ಬೀಳಬೇಕಾದರೆ ರೇಟಿಂಗ್, ಅಂದರೆ ಸಾಲ ತೀರಿಸುವ ನಂಬಿಕೆಗೆ ಕೊಡುವ ದರ್ಜೆ, ಚೆನ್ನಾಗಿರಬೇಕು. 2017ರಲ್ಲಿ ಎಐಐಬಿಗೆ ರೇಟಿಂಗ್ ಕಂಪನಿಗಳಾದ ಮೂಡೀಸ್, ಎಸ್ ಆ್ಯಂಡ್ ಪಿ, ಫಿಚ್ ಮೂರೂ ಅತಿ ಮೇಲಿನ ದರ್ಜೆ ಕೊಟ್ಟವು. ಈ ಮೂರು ಕಂಪನಿಗಳ ಬೇರು ಇರುವುದು ನ್ಯೂಯಾರ್ಕ್‌ನಲ್ಲಿ. ರಷ್ಯಾದಲ್ಲಿ ಸಾಲ ಮುಂದುವರಿಸಿದರೆ ಆ ದರ್ಜೆಗೆ ಪೆಟ್ಟು. ಹಾಗಾಗಿ ಬೀಜಿಂಗ್‌ನಲ್ಲಿ ಕಟ್ಟಡ ಕಟ್ಟಿದರೂ, ಶಾಂಘೈನಲ್ಲಿ ಕಟ್ಟಿದರೂ, ಒಲೆಗೆ ಸೌದೆ ಬರುವುದು ಹಳೆಯ ಕಾಡಿನಿಂದಲೇ.

ಬ್ರಿಕ್ಸ್ ವಿಷಯ ಬಂದಿದ್ದಕ್ಕೆ ಒಂದು ಮಾತು. ಶಾಂಘೈನ ಆ ಬ್ಯಾಂಕಿನ ಮೊದಲ ಅಧ್ಯಕ್ಷ ಮಂಗಳೂರಿನ ಕೆ.ವಿ. ಕಾಮತ್, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದವರು. ಅಲ್ಲಿ ಐದು ಸ್ಥಾಪಕ ದೇಶಗಳೂ ಸಮನಾಗಿ ಸಾವಿರ ಸಾವಿರ ಕೋಟಿ ಡಾಲರ್ ಬಂಡವಾಳಕ್ಕೆ ಒಪ್ಪಿದವು, ಯಾರಿಗೂ ವೀಟೊ ಇಲ್ಲ. ಸಮಾನತೆಯ ಲೆಕ್ಕದಲ್ಲಿ ನನಗೆ ಎಐಐಬಿಗಿಂತ ಇದೇ ಇಷ್ಟ. ಆದರೆ 2014ರಲ್ಲಿ ಇದರ ಜೊತೆಗೇ ಹುಟ್ಟಿದ ಇನ್ನೊಂದು ಮಗು ಇದೆ, ಕಷ್ಟಕಾಲಕ್ಕೆ ಅಂತ 10 ಸಾವಿರ ಕೋಟಿ ಡಾಲರ್‌ನ ತುರ್ತು ನಿಧಿ. ಐಎಂಎಫ್‌ಗೆ ಬದಲಿ ಅಂತ ಭಾಷಣದಲ್ಲಿ ಹೊಗಳಿದ್ದೇ ಹೊಗಳಿದ್ದು. ನಿಯಮ ಓದಿ ನೋಡಿ. ಒಂದು ದೇಶ ತನ್ನ ಪಾಲಿನ ಶೇ 30ರಷ್ಟು ಮಾತ್ರ ನೇರವಾಗಿ ತೆಗೆಯಬಹುದು. ಉಳಿದ ಶೇ 70 ಬೇಕಾದರೆ ಐಎಂಎಫ್ ಜೊತೆ ಒಪ್ಪಂದ ಇರಲೇಬೇಕು! ಸಾಲ ಕೊಡುವವನಿಗೆ ವಸೂಲಿಯ ಭಯ ಇರುತ್ತದೆ. ಬ್ರೆಜಿಲ್‌ಗೋ ದಕ್ಷಿಣ ಆಫ್ರಿಕಾಕ್ಕೋ 'ಖರ್ಚು ಕಡಿಮೆ ಮಾಡು' ಅಂತ ಮುಖಕ್ಕೆ ಹೇಳುವ ಕೆಟ್ಟ ಕೆಲಸವನ್ನು ಚೀನಾವೂ ಮಾಡಲು ಬಯಸುವುದಿಲ್ಲ. ಅದಕ್ಕೆ ಐಎಂಎಫ್ ಇರಲಿ, ಬೈಗುಳ ಅದೇ ತಿನ್ನಲಿ.

ಇದೇ ಆಟದಲ್ಲಿ ಚೀನಾಕ್ಕಿಂತ ಮೊದಲು ಸೋತ ದೇಶ ಜಪಾನ್. 1997ರ ಜುಲೈನಲ್ಲಿ ಥಾಯ್ಲೆಂಡಿನ ಕರೆನ್ಸಿ ಬಾಟ್ ಕುಸಿದು, ಆಮೇಲೆ ಇಂಡೊನೇಷ್ಯಾ, ಕೊರಿಯಾ ಸಾಲಾಗಿ ಬಿದ್ದವು. ಸೆಪ್ಟೆಂಬರ್‌ನಲ್ಲಿ ಜಪಾನ್ 10 ಸಾವಿರ ಕೋಟಿ ಡಾಲರ್‌ನ ಏಷ್ಯಾ ಹಣಕಾಸು ನಿಧಿ ಮಾಡೋಣ ಅಂದಿತು. ಅಮೆರಿಕ ಬೇಡ ಅಂದಿತು, ಐಎಂಎಫ್ ಬೇಡ ಅಂದಿತು. ಚೀನಾವೂ ಬೆಂಬಲಿಸಲಿಲ್ಲ. ಕೆಲವೇ ವಾರದಲ್ಲಿ ಪ್ರಸ್ತಾಪ ಸತ್ತಿತು. 1998ರ ಜನವರಿಯಲ್ಲಿ ಇಂಡೊನೇಷ್ಯಾದ ಅಧ್ಯಕ್ಷ ಸುಹಾರ್ತೊ ಬಗ್ಗಿ ಐಎಂಎಫ್ ಪತ್ರಕ್ಕೆ ಸಹಿ ಹಾಕುವ ಚಿತ್ರವೊಂದಿದೆ. ಐಎಂಎಫ್ ಮುಖ್ಯಸ್ಥ ಮಿಷೆಲ್ ಕಾಮ್ಡೆಸು ಕೈಕಟ್ಟಿ ಮೇಲಿನಿಂದ ನೋಡುತ್ತಾ ನಿಂತಿದ್ದಾರೆ, ಮೇಷ್ಟ್ರು ಇಂಪೊಸಿಷನ್ ಬರೆಸುವ ಹಾಗೆ. ಏಷ್ಯಾದ ಒಂದು ತಲೆಮಾರಿನ ಅಧಿಕಾರಿಗಳು ಆ ಚಿತ್ರವನ್ನು ಮರೆತಿಲ್ಲ.

ಜಪಾನಿಗೆ ದುಡ್ಡಿನ ಕೊರತೆ ಇರಲಿಲ್ಲ. ಆದರೆ ಅದರ ರಕ್ಷಣೆ ಅಮೆರಿಕದ ಸೈನ್ಯದ ನೆರಳಿನಲ್ಲಿತ್ತು. ಕಾಪಾಡುವವನ ಮಾತು ಮೀರುವುದು ಕಷ್ಟ. ಮತ್ತೆ, ಜಪಾನ್ ಕೈ ಹಾಕಿದ್ದು ಐಎಂಎಫ್‌ನ ಹೊಟ್ಟೆಗೇ, ಬಿಕ್ಕಟ್ಟಿನ ಸಾಲಕ್ಕೆ. ಚೀನಾ ಜಾಣತನದಿಂದ ರಸ್ತೆ, ರೈಲು ಅಂತ ಪಕ್ಕದ ಖಾಲಿ ಜಾಗ ಹಿಡಿಯಿತು. ಯಾರಿಗೂ 'ಬೇಡ' ಅನ್ನಲು ಸರಿಯಾದ ಕಾರಣ ಸಿಗಲಿಲ್ಲ.

ಎದ್ದು ಹೊರಗೆ ಹೋಗುವುದರ ಬಗ್ಗೆ ಕೇಳಿದ್ದೀರಿ. 1933ರ ಫೆಬ್ರುವರಿ 24ರಂದು ಚೀನಾದ ಮಂಚೂರಿಯಾವನ್ನು ಹಿಡಿದುಕೊಂಡ ವಿಷಯದಲ್ಲಿ, ವಿಶ್ವಸಂಸ್ಥೆಗೂ ಮೊದಲಿದ್ದ ರಾಷ್ಟ್ರಸಂಘದಲ್ಲಿ 42ಕ್ಕೆ 1ರಂತೆ ಸೋತ ಜಪಾನಿನ ಪ್ರತಿನಿಧಿ ಮತ್ಸುವೊಕಾ ಸಭೆ ಬಿಟ್ಟು ನಡೆದರು. ಅದರ ಮುಂದಿನ ಕಥೆ, ಯುದ್ಧ ಮತ್ತು ಸೋಲು, ಎಲ್ಲರಿಗೂ ಗೊತ್ತು. ನನಗೆ ಇನ್ನೂ ರುಚಿಯಾದ ಉದಾಹರಣೆ ಇಂಡೊನೇಷ್ಯಾದ ಮೊದಲ ಅಧ್ಯಕ್ಷ ಸುಕಾರ್ನೊ.

1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್. ಸುಕಾರ್ನೊ ಸರ್ಕಾರ ಇಸ್ರೇಲ್ ಮತ್ತು ತೈವಾನ್ ತಂಡಗಳಿಗೆ ಬರಲು ಬಿಡಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯಲ್ಲಿದ್ದ ನಮ್ಮ ಜಿ.ಡಿ. ಸೋಂಧಿ, 'ಇದನ್ನು ಏಷ್ಯನ್ ಗೇಮ್ಸ್ ಅನ್ನುವ ಹಾಗಿಲ್ಲ' ಅಂತ ತಕರಾರು ತೆಗೆದರು. ಊರು ಭಾರತದ ಮೇಲೆ ತಿರುಗಿ ಬಿತ್ತು. ಗುಂಪೊಂದು ನಮ್ಮ ರಾಯಭಾರ ಕಚೇರಿಗೆ ನುಗ್ಗಿತು. ಅದೇ ದಿನಗಳಲ್ಲಿ ಫುಟ್‌ಬಾಲ್ ಫೈನಲ್. ತುಂಬಿದ ಕ್ರೀಡಾಂಗಣ ಭಾರತದ ಆಟಗಾರರನ್ನು ಕೂಗಿ ಹಂಗಿಸುತ್ತಿದ್ದಾಗ ಚುನಿ ಗೋಸ್ವಾಮಿ ನಾಯಕತ್ವದ ತಂಡ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದಿತು. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ನಮಗೆ ಅದೇ ಕೊನೆಯ ಚಿನ್ನ. ವಿಷಯಾಂತರ ಆಯಿತು, ಕ್ಷಮಿಸಿ.

ಒಲಿಂಪಿಕ್ ಸಮಿತಿ ಇಂಡೊನೇಷ್ಯಾವನ್ನು ಅಮಾನತು ಮಾಡಿತು. ಸುಕಾರ್ನೊ ಸಿಟ್ಟಾಗಿ 1963ರ ನವೆಂಬರ್‌ನಲ್ಲಿ ತನ್ನದೇ ಒಲಿಂಪಿಕ್ಸ್ ನಡೆಸಿದರು. ಹೊಸದಾಗಿ ಏಳುತ್ತಿರುವ ಶಕ್ತಿಗಳ ಕ್ರೀಡಾಕೂಟ, ಚುಟುಕಾಗಿ ಗಾನೆಫೊ. ಖರ್ಚಿನ ದೊಡ್ಡ ಪಾಲು ಚೀನಾದ್ದು. ಆಮೇಲೆ ಮಲೇಷ್ಯಾಗೆ ಭದ್ರತಾ ಮಂಡಳಿಯಲ್ಲಿ ತಾತ್ಕಾಲಿಕ ಸ್ಥಾನ ಸಿಕ್ಕಿತು. ಮಲೇಷ್ಯಾ ಅನ್ನುವ ದೇಶವನ್ನೇ ಒಪ್ಪದ ಸುಕಾರ್ನೊ 1965ರ ಜನವರಿಯಲ್ಲಿ ವಿಶ್ವಸಂಸ್ಥೆಯನ್ನೇ ಬಿಟ್ಟರು. ಅದಕ್ಕೆ ಎದುರಾಗಿ ಹೊಸ ಶಕ್ತಿಗಳ ಸಮ್ಮೇಳನ ಮಾಡುತ್ತೇನೆ ಅಂತ ಜಕಾರ್ತಾದಲ್ಲಿ ದೊಡ್ಡ ಕಟ್ಟಡ ಶುರುಮಾಡಿದರು. ಅದು ಮುಗಿಯುವ ಮೊದಲೇ ಅವರ ಅಧಿಕಾರ ಕೈಜಾರಿತು. 1966ರ ಸೆಪ್ಟೆಂಬರ್‌ನಲ್ಲಿ ಇಂಡೊನೇಷ್ಯಾ ತೆಪ್ಪಗೆ ವಿಶ್ವಸಂಸ್ಥೆಗೆ ಮರಳಿತು. ರೆಕ್ಕೆ ಬಿಚ್ಚಿದ ಹಾಗೆ ಚಾವಣಿ ಇರುವ ಆ ಕಟ್ಟಡ ಈಗ ಇಂಡೊನೇಷ್ಯಾದ ಸಂಸತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಸುಕಾರ್ನೊಗೆ ಕಟ್ಟಡವಾದರೂ ಉಳಿಯಿತು.

ಸುಕಾರ್ನೊಗೆ ಇಲ್ಲದೇ ಹೋಗಿದ್ದು ಏನು? ಅವರ ಹಿಂದೆ ಬಂದರೆ ಉಳಿದವರಿಗೆ ಏನು ಸಿಗುತ್ತದೆ ಅನ್ನುವುದಕ್ಕೆ ಉತ್ತರ ಇರಲಿಲ್ಲ. ಚೀನಾದ ಬ್ಯಾಂಕಿಗೆ ಬಂದವರಿಗೆ ಸಾಲ, ಗುತ್ತಿಗೆ, ಬೋರ್ಡಿನಲ್ಲಿ ಜಾಗ ಸಿಕ್ಕವು. ಸುಕಾರ್ನೊ ಹತ್ತಿರ ಇದ್ದಿದ್ದು ಭಾಷಣ.

ಒಳಗಿದ್ದು ಹೊಡೆದಾಡುವ ದಾರಿ ಇದೆಯಲ್ಲ, ಅದರಲ್ಲಿ ಪಳಗಿದವರಲ್ಲಿ ಭಾರತವೂ ಒಂದು. ವಿಶ್ವ ವ್ಯಾಪಾರ ಸಂಸ್ಥೆ, ಡಬ್ಲ್ಯುಟಿಒ, ಒಮ್ಮತದಿಂದ ನಡೆಯುತ್ತದೆ. ಒಬ್ಬರು ಬೇಡ ಅಂದರೂ ಕೆಲಸ ನಿಲ್ಲುತ್ತದೆ. 2014ರ ಜುಲೈ ಕೊನೆಯಲ್ಲಿ ಭಾರತ ಹಾಗೆ ನಿಲ್ಲಿಸಿತು. ರೇಷನ್‌ಗಾಗಿ ಸರ್ಕಾರ ಅಕ್ಕಿ-ಗೋಧಿ ಕೊಂಡು ಇಡುವುದಕ್ಕೆ ಕಾಯಂ ರಕ್ಷಣೆ ಬೇಕು, ಇಲ್ಲದಿದ್ದರೆ ಕಸ್ಟಮ್ಸ್ ಸರಳ ಮಾಡುವ ನಿಮ್ಮ ಒಪ್ಪಂದಕ್ಕೆ ಸಹಿ ಇಲ್ಲ ಅಂತ ಪಟ್ಟು ಹಿಡಿಯಿತು. ಎಲ್ಲರೂ ಬೈದರು. ನವೆಂಬರ್‌ಗೆ ಅಮೆರಿಕ ಮಾತುಕತೆಗೆ ಬಂತು. ಕಾಯಂ ಪರಿಹಾರ ಸಿಗುವವರೆಗೂ ಯಾರೂ ಆ ದಾಸ್ತಾನನ್ನು ಪ್ರಶ್ನಿಸಿ ದೂರು ಕೊಡುವ ಹಾಗಿಲ್ಲ ಅಂತ ಬರೆಸಿಕೊಂಡೆವು. ಕಾಯಂ ಪರಿಹಾರ ಇನ್ನೂ ಬಂದಿಲ್ಲ, ಆದರೆ ರಕ್ಷಣೆ ನಿಂತಿದೆ.

ಆದರೆ ಈ ಆಟದ ದೊಡ್ಡ ಆಟಗಾರ, ಮನೆ ಕಟ್ಟಿಸಿದ ಯಜಮಾನ ಅಮೆರಿಕವೇ. ಡಬ್ಲ್ಯುಟಿಒದಲ್ಲಿ ಏಳು ಜನರ ಮೇಲ್ಮನವಿ ಪೀಠ ಇತ್ತು, ವ್ಯಾಪಾರದ ಸುಪ್ರೀಂ ಕೋರ್ಟ್ ಅನ್ನಬಹುದು. ಅದರ ತೀರ್ಪುಗಳು ತನ್ನ ವಿರುದ್ಧ ಎಲ್ಲೆ ಮೀರುತ್ತಿವೆ ಅಂತ ಅಮೆರಿಕದ ದೂರು. ಒಬಾಮ ಕಾಲದಲ್ಲೇ ಒಬ್ಬ ಸದಸ್ಯರ ಮರುನೇಮಕಕ್ಕೆ ತಡೆ ಹಾಕಿತು. ಟ್ರಂಪ್ ಕಾಲದಲ್ಲಿ ಹೊಸ ನೇಮಕ ಪೂರ್ತಿ ನಿಂತಿತು. ಬೈಡನ್ ಬಂದರೂ ಬದಲಾಗಲಿಲ್ಲ. ಒಂದು ಪ್ರಕರಣ ಕೇಳಲು ಮೂವರು ಬೇಕು. 2019ರ ಡಿಸೆಂಬರ್ 10ಕ್ಕೆ ಭಾರತದ ಉಜಾಲ್ ಸಿಂಗ್ ಭಾಟಿಯಾ ಮತ್ತು ಅಮೆರಿಕದ ಥಾಮಸ್ ಗ್ರಹಾಂ ಅವಧಿ ಮುಗಿಯಿತು. ಉಳಿದಿದ್ದು ಒಬ್ಬರು. ಮರುವರ್ಷ ಅವರೂ ಹೋದರು. ಕೋರ್ಟಿಗೆ ಬೀಗ ಹಾಕಲಿಲ್ಲ, ಜಡ್ಜ್‌ಗಳನ್ನು ನೇಮಿಸಲಿಲ್ಲ ಅಷ್ಟೇ.

ಇದರ ಎಳೆ ಮಂಡ್ಯ, ಬೆಳಗಾವಿಯ ಕಬ್ಬಿನ ಗದ್ದೆಗೂ ಬರುತ್ತದೆ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಮೂರೂ ಸೇರಿ ಭಾರತದ ಮೇಲೆ ದೂರು ಕೊಟ್ಟಿದ್ದವು. ಕಬ್ಬಿಗೆ ಸರ್ಕಾರ ನಿಗದಿ ಮಾಡುವ ಎಫ್‌ಆರ್‌ಪಿ ದರ ಬೆಂಬಲದ ಮಿತಿ ಮೀರಿದೆ, ಸಕ್ಕರೆ ರಫ್ತಿಗೆ ಕೊಡುವ ಸಹಾಯ ನಿಯಮಕ್ಕೆ ವಿರುದ್ಧ ಅಂತ. 2021ರ ಡಿಸೆಂಬರ್‌ನಲ್ಲಿ ಕೆಳಗಿನ ಸಮಿತಿ ಭಾರತದ ವಿರುದ್ಧ ವರದಿ ಕೊಟ್ಟಿತು. ನಮ್ಮವರು ಅದೇ ತಿಂಗಳು ಮೇಲ್ಮನವಿ ಹಾಕಿದರು. ಎಲ್ಲಿಗೆ? ಯಾರೂ ಕೂತಿರದ ಪೀಠಕ್ಕೆ! ಮೇಲ್ಮನವಿ ಬಾಕಿ ಇರುವವರೆಗೆ ಕೆಳಗಿನ ವರದಿ ಜಾರಿಗೆ ಬರುವುದಿಲ್ಲ. ಎಫ್‌ಆರ್‌ಪಿ ವರ್ಷವರ್ಷ ಘೋಷಣೆ ಆಗುತ್ತಲೇ ಇದೆ. ಪೀಠ ಮತ್ತೆ ಶುರುವಾಗಬೇಕು ಅಂತ ಡಬ್ಲ್ಯುಟಿಒ ಇರುವ ಜಿನೀವಾದಲ್ಲಿ ಭಾರತ ಜೋರಾಗಿ ಹೇಳುತ್ತದೆ. ಪೀಠ ಖಾಲಿ ಇರುವುದರ ಲಾಭವನ್ನೂ ಪಡೆಯುತ್ತದೆ. ನಾನು ಇದನ್ನು ತಪ್ಪು ಅನ್ನುವುದಿಲ್ಲ, ಆದರೆ ನಾವು ಬರೀ ನೊಂದವರು ಅಂತ ಹೇಳಿಕೊಳ್ಳುವಾಗ ಇದೂ ನೆನಪಿರಲಿ.

ಖಾಲಿ ಪೀಠಕ್ಕೆ ಬದಲಿಯಾಗಿ ಯುರೋಪ್ ಮತ್ತು ಇತರರು 2020ರಲ್ಲಿ ಒಂದು ತಾತ್ಕಾಲಿಕ ಮೇಲ್ಮನವಿ ವ್ಯವಸ್ಥೆ ಮಾಡಿಕೊಂಡರು. ಅದರಲ್ಲಿ ಚೀನಾ ಇದೆ. ಅಮೆರಿಕ ಇಲ್ಲ, ಭಾರತವೂ ಇಲ್ಲ. ಹಳೆಯ ಮನೆಯ ಸೋರುವ ಚಾವಣಿಗೆ ಹಂಚು ಹೊದಿಸುತ್ತಿರುವುದು ಚೀನಾ, ಹಂಚು ತೆಗೆದಿದ್ದು ಅಮೆರಿಕ. ಪಠ್ಯಪುಸ್ತಕದಲ್ಲಿ 'ಅಸಮಾಧಾನದ ದೇಶ' ಅಂದರೆ ಚೀನಾ, ರಷ್ಯಾ ಅಂತ ಓದಿದವರು ಇಲ್ಲಿ ಸ್ವಲ್ಪ ತಡವರಿಸುತ್ತಾರೆ.

ಹಾಗಾದರೆ ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರ: ಅಲುಗಾಡಿಸಬಲ್ಲವು, ಆದರೆ ಹೊಸ ಸಂಸ್ಥೆ ಬಂದ ಮಾತ್ರಕ್ಕೆ ಹಳೆಯದು ಬೀಳುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆದಿದೆ ಅಂತ ಗೊತ್ತಾದರೆ ಹಳೆಯ ಮನೆಯವರು ಮಾತಿಗೆ ಬರುತ್ತಾರೆ. ಆ ಬಾಗಿಲು ನಿಜವಾಗಿ ತೆರೆಯಬೇಕು, ಬಣ್ಣದಲ್ಲಿ ಬರೆದ ಬಾಗಿಲು ಸಾಲದು. ಮಾತಿಗೆ ಬಂದರೂ ಪಾಲು ಕೊಡುವಾಗ ಕೈ ಬಿಗಿಯೇ. 2023ರ ಡಿಸೆಂಬರ್‌ನಲ್ಲಿ ಐಎಂಎಫ್ ತನ್ನ ಕೋಟಾವನ್ನು ಮತ್ತೆ ಏರಿಸಲು ತೀರ್ಮಾನಿಸಿತು, ಒಟ್ಟು ಶೇ 50ರಷ್ಟು. ಎಲ್ಲರಿಗೂ ಒಂದೇ ಪ್ರಮಾಣದಲ್ಲಿ. ಅಂದರೆ ಕೋಟಾದ ದುಡ್ಡು ಹೆಚ್ಚಾಗುತ್ತದೆ, ಯಾರ ಪಾಲೂ ಒಂದು ಕೂದಲೂ ಬದಲಾಗುವುದಿಲ್ಲ. ಚೀನಾ ಅದೇ ಶೇ 6ರ ಮೇಲೆ, ಭಾರತ ಶೇ 3ರ ಒಳಗೆ, ಅಮೆರಿಕ ಶೇ 16ರ ಮೇಲೆ. ಪಾಲು ಹೊಸದಾಗಿ ಹಂಚುವ ಸೂತ್ರವನ್ನು ಆಮೇಲೆ ಮಾತಾಡೋಣ ಅಂದರು.